ಪಾಲಿಕೆ ಕರಡು ಬೈಲಾ ಹೊರಡಿಸಿದೆ, ಆಕ್ಷೇಪಣೆ ಬರೆಯುವುದು ಹೇಗೆ?

ರಸ್ತೆಯಲ್ಲಿ ಗುಂಡಿ ಬಿದ್ದರೆ ಏನು ಮಾಡಬೇಕು ಅಂತ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೋಟೊ ತೆಗೆಯುತ್ತೇವೆ, ಸಹಾಯ ಆ್ಯಪ್‌ಗೆ ಹಾಕುತ್ತೇವೆ, 1533ಕ್ಕೆ ಫೋನ್ ಮಾಡುತ್ತೇವೆ, ವಾರ್ಡ್ ಎಂಜಿನಿಯರ್ ನಂಬರ್ ಹುಡುಕುತ್ತೇವೆ. ಅದು ದೂರು. ಆದರೆ ಫುಟ್‌ಪಾತ್ ಮೇಲೆ ಯಾರು ವ್ಯಾಪಾರಕ್ಕೆ ಕೂರಬಹುದು, ಕಸ ವಿಂಗಡಿಸದಿದ್ದರೆ ದಂಡ ಎಷ್ಟು, ಅಂಗಡಿ ಬೋರ್ಡ್ ಎಷ್ಟು ದೊಡ್ಡದಿರಬಹುದು, ನಾಯಿ ಸಾಕಲು ಲೈಸೆನ್ಸ್ ಬೇಕಾ, ಇವೆಲ್ಲ ದೂರು ಕೊಟ್ಟು ಬಗೆಹರಿಸುವ ವಿಷಯಗಳಲ್ಲ. ಇವು ತೀರ್ಮಾನ ಆಗುವುದು ಬೈಲಾದಲ್ಲಿ, ಸರ್ಕಾರಿ ಕಾಗದದಲ್ಲಿ ಅದಕ್ಕೆ ಉಪವಿಧಿ ಅನ್ನುತ್ತಾರೆ. ಒಮ್ಮೆ ಜಾರಿಗೆ ಬಂದರೆ ವರ್ಷಗಟ್ಟಲೆ ಅದೇ ನಡೆಯುತ್ತದೆ.

ಬೈಲಾ ಅಂತಿಮ ಆಗುವ ಮೊದಲು ಕರಡು ಹೊರಗೆ ಬರುತ್ತದೆ. ಆಕ್ಷೇಪಣೆ, ಸಲಹೆ ಇದ್ದರೆ ಕೊಡಿ ಅಂತ ಸಾಮಾನ್ಯವಾಗಿ 15 ಅಥವಾ 30 ದಿನ ಸಮಯ ಕೊಡುತ್ತಾರೆ. ಆ ಅವಧಿಯೊಳಗೆ ಬರವಣಿಗೆಯಲ್ಲಿ ಕೊಟ್ಟದ್ದನ್ನು ಪರಿಗಣಿಸಲೇಬೇಕು ಅಂತ ಕಾನೂನಿದೆ. ಒಪ್ಪಲೇಬೇಕು ಅಂತ ಇಲ್ಲ, ಆದರೆ ನೋಡದೆ ಬದಿಗಿಡುವ ಹಾಗಿಲ್ಲ. ಅವಧಿ ದಾಟಿದ ಮೇಲೆ ನಮಗೆ ಉಳಿಯುವುದು ಪ್ರತಿಭಟನೆ ಮತ್ತು ಕೋರ್ಟು. ಎರಡಕ್ಕೂ ಹಣ, ಸಮಯ, ಜನ ಎಲ್ಲ ಬೇಕು. 2018ರಲ್ಲಿ ಫ್ಲಾಟಿಗೆ ಒಂದೇ ನಾಯಿ ಅನ್ನುವ ಬೈಲಾ ಬಂದಾಗ ನೆನಪಿದೆಯಲ್ವಾ, ಊರೆಲ್ಲ ಗಲಾಟೆ ಎದ್ದು ಕೊನೆಗೆ ಅದನ್ನು ತಡೆಹಿಡಿಯಬೇಕಾಯಿತು. ಎಲ್ಲ ವಿಷಯಕ್ಕೂ ಅಷ್ಟು ಜನ ಸೇರುವುದಿಲ್ಲ. ಸೇರದ ವಿಷಯಗಳಲ್ಲೇ ನಮ್ಮ ದಿನನಿತ್ಯದ ಬದುಕು ಜಾಸ್ತಿ ಇರುವುದು. ಅದಕ್ಕೇ ಈ ಬರಹ.

ಮೊದಲು, ಇದು ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಿ

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ: ಬೆಂಗಳೂರು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಇವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಹಾಗಾಗಿ ನಿಮ್ಮ ಮನೆ ಯಾವ ಪಾಲಿಕೆಗೆ ಸೇರುತ್ತದೆ, ಹೊಸ ವಾರ್ಡ್ ಹೆಸರೇನು, ನಂಬರ್ ಏನು ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಹಳೆಯ 198 ವಾರ್ಡ್‌ಗಳ ಲೆಕ್ಕ ಈಗ ನಡೆಯುವುದಿಲ್ಲ, ಈಗ 369 ವಾರ್ಡ್. ಎದುರು ರಸ್ತೆಯವರು ಬೇರೆ ಪಾಲಿಕೆಯವರೇ ಆಗಿರಬಹುದು.

ಇನ್ನು ಎಲ್ಲವೂ ಪಾಲಿಕೆಯ ಕೈಯಲ್ಲಿಲ್ಲ. ಬಡಾವಣೆಯ ಭೂಬಳಕೆ, ಮಾಸ್ಟರ್ ಪ್ಲಾನ್ ಬೇರೆ ಕಾಯ್ದೆಯ ಕೆಳಗೆ ಬರುತ್ತದೆ, ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ. ನೀರಿನ ದರ ಜಲಮಂಡಳಿಯದು. ಕರೆಂಟಿನ ದರ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಹೇಳುತ್ತದೆ. ಕಸದ ಬಳಕೆದಾರರ ಶುಲ್ಕ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಬರುತ್ತಿದೆ, ಕಟ್ಟಡದ ಅಳತೆ ಮೇಲೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಆದರೆ ಕಸದ ಕೆಲಸ ನೋಡುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಅನ್ನುವ ಪ್ರತ್ಯೇಕ ಕಂಪನಿ. ತಪ್ಪು ವಿಳಾಸಕ್ಕೆ ಹೋದ ಪತ್ರ ಸರಿಯಾದ ಟೇಬಲ್‌ಗೆ ತಲುಪುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಕರಡಿನ ಕೊನೆಯಲ್ಲಿ ಆಕ್ಷೇಪಣೆ ಯಾರಿಗೆ ಕಳಿಸಬೇಕು ಅಂತ ಹುದ್ದೆ, ವಿಳಾಸ ಬರೆದಿರುತ್ತದೆ. ಅದನ್ನೇ ಹಿಡಿಯಿರಿ, ನಿಮಗೆ ಗೊತ್ತಿರುವ ಅಧಿಕಾರಿಗೆ ಪ್ರತಿ ಕಳಿಸಿದರೆ ಸಾಕು.

ಕರಡು ಬಂದಿದೆ ಅಂತ ಗೊತ್ತಾಗುವುದಾದರೂ ಹೇಗೆ

ನಿಜಕ್ಕೂ ಕಷ್ಟದ ಭಾಗ ಇದು. ಕರಡು ಪ್ರಕಟವಾಗುವುದು ಕರ್ನಾಟಕ ರಾಜ್ಯಪತ್ರದಲ್ಲಿ, ಅದನ್ನು ಈಗ ಇ-ರಾಜ್ಯಪತ್ರ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರದ ಜಾಹೀರಾತೂ ಬರಬಹುದು. ಪಾಲಿಕೆಯ ಜಾಲತಾಣದಲ್ಲಿ ಸುತ್ತೋಲೆ, ಅಧಿಸೂಚನೆ ವಿಭಾಗದಲ್ಲೂ ಹಾಕುತ್ತಾರೆ. ನಿಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ವಾರಕ್ಕೊಮ್ಮೆ ಈ ಎರಡು ಜಾಲತಾಣ ನೋಡುವ ಜವಾಬ್ದಾರಿ ಹೊತ್ತುಕೊಂಡರೆ ಅರ್ಧ ಕೆಲಸ ಆದ ಹಾಗೆ. ನಿವೃತ್ತರಾದ ಮೇಷ್ಟ್ರೋ ಬ್ಯಾಂಕಿನವರೋ ಇದ್ದರೆ ಕೇಳಿ ನೋಡಿ, ಖುಷಿಯಿಂದ ಮಾಡುತ್ತಾರೆ.

ಸಿಕ್ಕಿದ ಕೂಡಲೇ ಮೂರು ವಿಷಯ ಬರೆದಿಟ್ಟುಕೊಳ್ಳಿ: ಅಧಿಸೂಚನೆ ಸಂಖ್ಯೆ, ದಿನಾಂಕ, ಕೊನೆಯ ದಿನ. ಕೊನೆಯ ದಿನ ಲೆಕ್ಕ ಹಾಕುವಾಗ ಹುಷಾರು. ಹೆಚ್ಚಾಗಿ ಅದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಶುರುವಾಗುತ್ತದೆ, ನೀವು ಪೇಪರಿನಲ್ಲಿ ಓದಿದ ದಿನದಿಂದ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾರಾಂಶ ನಂಬಿ ಬರೆಯಬೇಡಿ. ಮೂಲ ಪಿಡಿಎಫ್ ತೆಗೆದು ಓದಿ. ಕೆಲವೊಮ್ಮೆ ಸಾರಾಂಶದಲ್ಲಿ ಇರುವ ಭಯ ಕರಡಿನಲ್ಲಿ ಇರುವುದೇ ಇಲ್ಲ, ಕರಡಿನಲ್ಲಿ ಇರುವ ನಿಜವಾದ ತೊಂದರೆ ಸಾರಾಂಶದಲ್ಲಿ ಬಂದಿರುವುದಿಲ್ಲ.

ಮರಗಳ ವಿಷಯದಲ್ಲೂ ಇದೇ ರೀತಿಯ ಅವಕಾಶವಿದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಅಲ್ಲಿ ಸಿಗುವ ದಿನಗಳು ಇನ್ನೂ ಕಡಿಮೆ, ಹಾಗಾಗಿ ಮರ ಅಧಿಕಾರಿಯ ನೋಟಿಸ್ ಕಂಡ ದಿನವೇ ಕೂತು ಬರೆಯಬೇಕು.

ಓದುವುದು

ಕರಡನ್ನು ಮೊದಲಿನಿಂದ ಕೊನೆವರೆಗೆ ಒಂದೇ ಉಸಿರಿನಲ್ಲಿ ಓದಲು ಹೋದರೆ ಮೂರನೇ ಪುಟಕ್ಕೆ ಸಾಕಾಗಿ ಹೋಗುತ್ತದೆ. ಬೇರೆ ದಾರಿಯಿದೆ. ಮೊದಲು ಪರಿಭಾಷೆ ಅಂತ ಇರುವ ಭಾಗ ಓದಿ. "ಸಾರ್ವಜನಿಕ ಸ್ಥಳ" ಅಂದರೆ ಏನು, "ವ್ಯಾಪಾರಿ" ಅಂದರೆ ಯಾರು, "ಸಗಟು ತ್ಯಾಜ್ಯ ಉತ್ಪಾದಕ" ಅಂದರೆ ಎಷ್ಟು ದೊಡ್ಡ ಅಪಾರ್ಟ್‌ಮೆಂಟು, ಇವೆಲ್ಲ ಅಲ್ಲೇ ತೀರ್ಮಾನ ಆಗಿರುತ್ತದೆ. ನೀವು ಈ ಬೈಲಾದ ಒಳಗೆ ಬರುತ್ತೀರೋ ಇಲ್ಲವೋ ಅನ್ನುವುದು ಪರಿಭಾಷೆಯ ಒಂದು ಸಾಲಿನಿಂದ ಗೊತ್ತಾಗುತ್ತದೆ. ಆಮೇಲೆ ಕೊನೆಗೆ ಹೋಗಿ, ದಂಡ ಮತ್ತು ಶುಲ್ಕದ ಅನುಸೂಚಿ ನೋಡಿ. ನಂತರ "ಆಯುಕ್ತರು ಸೂಕ್ತವೆಂದು ಕಂಡಲ್ಲಿ" ಅನ್ನುವಂಥ ಮಾತು ಎಲ್ಲೆಲ್ಲಿ ಬಂದಿದೆ ಅಂತ ಹುಡುಕಿ, ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ನಿಯಮ ಮುಗಿದು ಅಧಿಕಾರಿಯ ಇಷ್ಟ ಶುರುವಾಗುವುದು ಅಲ್ಲಿಂದಲೇ. ಮಧ್ಯದ ಖಂಡಗಳನ್ನು ಕೊನೆಗೆ ಓದಿ.

ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸಾಲು ನಮ್ಮ ರಸ್ತೆಯಲ್ಲಿ ಜಾರಿಗೆ ಬಂದರೆ ಸೋಮವಾರ ಬೆಳಿಗ್ಗೆ ಏನಾಗುತ್ತದೆ?

ಬೈಲಾ ಯಾವ ಮೂಲ ಕಾಯ್ದೆಯ ಕೆಳಗೆ ಬಂದಿದೆ ಅನ್ನುವುದನ್ನೂ ಗಮನಿಸಿ. ಪೀಠಿಕೆಯಲ್ಲಿ ಬರೆದಿರುತ್ತದೆ. ಮೂಲ ಕಾಯ್ದೆ ಕೊಟ್ಟಿರುವ ಹಕ್ಕನ್ನು ಬೈಲಾ ಕಿತ್ತುಕೊಳ್ಳುವ ಹಾಗಿಲ್ಲ. ಉದಾಹರಣೆಗೆ ಬೀದಿ ವ್ಯಾಪಾರದ ವಿಷಯ. 2014ರ ಕೇಂದ್ರ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಎಲ್ಲ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡ ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು. ಇದಕ್ಕೆ ಅಡ್ಡ ಬರುವ ಸಾಲು ಕರಡಿನಲ್ಲಿದ್ದರೆ ನಿಮ್ಮ ವಾದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಅಳತೆ ಮಾಡಿ, ಮಾತಾಡಿಸಿ

ಇದನ್ನು ಬಿಟ್ಟು ನೇರ ಬರೆಯಲು ಕೂರುವವರೇ ಜಾಸ್ತಿ. ಆದರೆ ಆಕ್ಷೇಪಣೆಗೆ ತೂಕ ಬರುವುದು ಇಲ್ಲೇ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಕರಡಿನಲ್ಲಿ "ಬಸ್ ನಿಲ್ದಾಣದಿಂದ 100 ಮೀಟರ್ ಒಳಗೆ ಬೀದಿ ವ್ಯಾಪಾರ ನಿಷೇಧ" ಅಂತ ಇದೆ ಅಂದುಕೊಳ್ಳಿ. ಓದಿದರೆ ಸರಿಯೇ ಅನ್ನಿಸುತ್ತದೆ. ಬಸ್ ಸ್ಟಾಪಿನಲ್ಲಿ ನಿಲ್ಲಲು ಜಾಗ ಬೇಕು, ಯಾರು ಬೇಡ ಅನ್ನುತ್ತಾರೆ? ಈಗ ಟೇಪ್ ಹಿಡಿದುಕೊಂಡು ಹನುಮಂತನಗರದಂಥ ಒಂದು ಹಳೆಯ ಬಡಾವಣೆಯ ಮುಖ್ಯ ರಸ್ತೆಗೆ ಹೋಗಿ. ಎರಡು ಸ್ಟಾಪುಗಳ ನಡುವೆ 180 ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಈ ಕಡೆಯಿಂದ 100, ಆ ಕಡೆಯಿಂದ 100. ಲೆಕ್ಕ ಹಾಕಿದರೆ ಅಷ್ಟೂ ರಸ್ತೆ ನಿಷೇಧದೊಳಗೆ ಬಂತು. ಬೆಳಿಗ್ಗೆ ಸೊಪ್ಪು ಮಾರುವ ಅಜ್ಜಿ, ದೇವಸ್ಥಾನದ ಮುಂದೆ ಹೂ ಕಟ್ಟುವವರು, ಸಂಜೆ ಕಡಲೆಕಾಯಿ ಗಾಡಿಯವರು, ಎಲ್ಲರೂ ಒಂದೇ ದಿನದಲ್ಲಿ ಕಾನೂನು ಮುರಿದವರಾಗುತ್ತಾರೆ. ಕರಡು ಬರೆದವರ ಉದ್ದೇಶ ಬಸ್ಸಿಗೆ ಕಾಯುವವರಿಗೆ ಜಾಗ ಮಾಡುವುದು, ಅಷ್ಟೇ. 100ರ ಬದಲು 15 ಮೀಟರ್ ಬಿಟ್ಟರೂ ಆ ಉದ್ದೇಶ ಈಡೇರುತ್ತದೆ, ನಡುವೆ 150 ಮೀಟರ್ ಉಳಿಯುತ್ತದೆ.

ಈ ಲೆಕ್ಕ ಮೇಜಿನ ಮುಂದೆ ಕೂತ ಅಧಿಕಾರಿಗೆ ಗೊತ್ತಿರುವುದಿಲ್ಲ. ಅವರಿಗೆ ಇಡೀ ಪಾಲಿಕೆ ಇದೆ, ನಿಮಗೆ ಒಂದು ರಸ್ತೆ. ಆ ಒಂದು ರಸ್ತೆಯ ವಿಷಯದಲ್ಲಿ ನಿಮ್ಮಷ್ಟು ತಿಳಿದವರು ಬೇರೆ ಇಲ್ಲ. ಅದನ್ನು ಬರೆಯಿರಿ. ಟೇಪ್ ಹಿಡಿದ ಫೋಟೊ ತೆಗೆಯಿರಿ, ದಿನಾಂಕ ಮತ್ತು ಸಮಯ ಕಾಣುವ ಹಾಗೆ. ಬಿಳಿ ಹಾಳೆ ಮೇಲೆ ಕೈಯಲ್ಲೇ ನಕ್ಷೆ ಬರೆದರೂ ಆಗುತ್ತದೆ.

ಜನರನ್ನು ಮಾತಾಡಿಸಿ. ಇಲ್ಲಿ ನನಗೆ ಒಂದು ಗಟ್ಟಿ ಅಭಿಪ್ರಾಯವಿದೆ. ನಿವಾಸಿಗಳ ಸಂಘದ ಲೆಟರ್‌ಹೆಡ್‌ನಲ್ಲಿ "ನಮ್ಮ ಬಡಾವಣೆಯ ಎಲ್ಲ ನಾಗರಿಕರ ಪರವಾಗಿ" ಅಂತ ಬರೆಯುವುದು ಬಹಳ ಸಲ ನಿಜವಲ್ಲ. ಸಂಘದಲ್ಲಿ ಹೆಚ್ಚಾಗಿ ಸ್ವಂತ ಮನೆಯವರಿರುತ್ತಾರೆ. ಬಾಡಿಗೆಗೆ ಇರುವವರು, ಪಿಜಿಯಲ್ಲಿರುವ ಹುಡುಗ ಹುಡುಗಿಯರು, ಮನೆಗೆಲಸಕ್ಕೆ ಬರುವ ಅಕ್ಕ, ಪೌರಕಾರ್ಮಿಕರು, ಇಸ್ತ್ರಿ ಅಂಗಡಿಯವರು, ಆಟೊ ಸ್ಟ್ಯಾಂಡಿನವರು, ಇವರೆಲ್ಲ ಅದೇ ರಸ್ತೆಯಲ್ಲಿ ದಿನ ಕಳೆಯುವವರು. ಅವರನ್ನು ಕೇಳದೆ ಅವರ ಪರವಾಗಿ ಬರೆಯಬೇಡಿ. ಸೊಪ್ಪಿನ ಅಜ್ಜಿಯನ್ನು ಕೇಳಿದರೆ ಅವರು ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಮಳೆ ಬಂದರೆ ಎಲ್ಲಿ ಹೋಗುತ್ತಾರೆ ಎಲ್ಲ ಹೇಳುತ್ತಾರೆ. ಗಾಲಿಕುರ್ಚಿ ಬಳಸುವವರು, ಕೋಲು ಹಿಡಿದು ನಡೆಯುವ ಹಿರಿಯರು ಫುಟ್‌ಪಾತಿನ ಬಗ್ಗೆ ಬೇರೆಯೇ ಕಷ್ಟ ಹೇಳುತ್ತಾರೆ. ಎರಡನ್ನೂ ಬರೆಯಿರಿ. ಇಬ್ಬರಿಗೂ ಆಗುವ ಪರಿಹಾರ ನಿಮ್ಮ ಪತ್ರದಲ್ಲಿ ಇದ್ದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಬರೆಯುವುದು

ಕನ್ನಡದಲ್ಲೇ ಬರೆಯಿರಿ. ಕಡತದ ಟಿಪ್ಪಣಿ ಕನ್ನಡದಲ್ಲಿ ನಡೆಯುತ್ತದೆ, ನಿಮ್ಮ ವಾಕ್ಯವನ್ನು ವಿಷಯ ನಿರ್ವಾಹಕರು, ಅಂದರೆ ಕಡತ ನೋಡುವ ಗುಮಾಸ್ತರು, ಹಾಗೇ ಎತ್ತಿ ಟಿಪ್ಪಣಿಗೆ ಹಾಕಬಹುದು. ಎರಡು ಪುಟ ದಾಟಬೇಡಿ. ಫೋಟೊ, ನಕ್ಷೆ ಹಿಂದೆ ಲಗತ್ತಿಸಿ. ಒಂದೊಂದು ಖಂಡಕ್ಕೂ ನಾಲ್ಕು ಮಾತು ಬೇಕು: ಕರಡಿನಲ್ಲಿ ಏನಿದೆ, ಅದರಿಂದ ಏನಾಗುತ್ತದೆ, ಅದಕ್ಕೆ ಆಧಾರ ಏನು, ಬದಲಿಗೆ ಏನು ಬರೆಯಬೇಕು.

ಕೊನೆಯದನ್ನು ಮರೆಯುವವರು ಬಹಳ. "ಇದು ಜನವಿರೋಧಿ, ಕೈಬಿಡಿ" ಅಂತ ಬರೆದರೆ ಅಧಿಕಾರಿ ಅದರ ಮುಂದೆ "ವಿರೋಧ" ಅಂತ ಗುರುತು ಹಾಕಿ ಮುಂದೆ ಹೋಗುತ್ತಾರೆ. ಬದಲಿ ಸಾಲನ್ನೇ ಬರೆದುಕೊಟ್ಟರೆ ಅದಕ್ಕೆ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ. ಮೇಲಿನ ಉದಾಹರಣೆಗೇ ಪತ್ರ ಬರೆದರೆ ಹೀಗಿರುತ್ತದೆ:

*ವಿಷಯ: ಕರಡು ಬೀದಿ ವ್ಯಾಪಾರ ಉಪವಿಧಿಗಳ ಖಂಡ 9(2)ಕ್ಕೆ ಆಕ್ಷೇಪಣೆ ಮತ್ತು ಸಲಹೆ.*

*ಉಲ್ಲೇಖ: ಅಧಿಸೂಚನೆ ಸಂಖ್ಯೆ, ದಿನಾಂಕ.*

*ಮಾನ್ಯರೇ, ಖಂಡ 9(2)ರಲ್ಲಿ ಬಸ್ ನಿಲ್ದಾಣದಿಂದ 100 ಮೀಟರ್ ಒಳಗೆ ಬೀದಿ ವ್ಯಾಪಾರ ನಿಷೇಧಿಸಲಾಗಿದೆ. ನಮ್ಮ ಮುಖ್ಯ ರಸ್ತೆಯಲ್ಲಿ ಎರಡು ನಿಲ್ದಾಣಗಳ ನಡುವಿನ ಅಂತರ 180 ಮೀಟರ್ (ನಕ್ಷೆ ಲಗತ್ತಿಸಿದೆ). ಈ ಖಂಡ ಜಾರಿಯಾದರೆ ಇಡೀ ರಸ್ತೆಯಲ್ಲಿ ಒಂದು ಅಡಿ ಜಾಗವೂ ವ್ಯಾಪಾರಕ್ಕೆ ಉಳಿಯುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಕಲಂ 3(3) ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ತೆರವುಗೊಳಿಸುವಂತಿಲ್ಲ. ಆದ್ದರಿಂದ ಖಂಡ 9(2)ನ್ನು ಈ ರೀತಿ ಬದಲಿಸಲು ಕೋರುತ್ತೇವೆ: "ಬಸ್ ನಿಲ್ದಾಣದ ಎರಡೂ ಬದಿಗೆ 15 ಮೀಟರ್ ವ್ಯಾಪಾರಮುಕ್ತವಾಗಿರಬೇಕು. ಉಳಿದ ಕಡೆ ಪಾದಚಾರಿಗಳು ನಡೆಯಲು ಕನಿಷ್ಠ 1.8 ಮೀಟರ್ ಅಗಲದ ಜಾಗ ಬಿಟ್ಟು ವ್ಯಾಪಾರ ಮಾಡಬಹುದು." ಈ ವಿಷಯದಲ್ಲಿ ಖುದ್ದಾಗಿ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ವಿನಂತಿ.*

ಅಷ್ಟೇ. ಕೆಳಗೆ ಹೆಸರು, ವಿಳಾಸ, ವಾರ್ಡ್, ಸಹಿ. ಸ್ವಂತ ಮನೆ ಇರಬೇಕು, ಇಲ್ಲಿನ ವೋಟರ್ ಕಾರ್ಡ್ ಇರಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಬಾಡಿಗೆಯವರೂ ಕೊಡಬಹುದು. ಕೊನೆಯ ಸಾಲು, ಖುದ್ದಾಗಿ ಅಹವಾಲು ಹೇಳುವ ವಿನಂತಿ, ತಪ್ಪದೆ ಇರಲಿ.

1.8 ಮೀಟರ್ ಅನ್ನುವುದು ನಾನು ಗಾಳಿಯಲ್ಲಿ ಹಿಡಿದದ್ದಲ್ಲ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿ ಮಾರ್ಗಕ್ಕೆ ಹೇಳುವ ಕನಿಷ್ಠ ಅಗಲ ಅದು. ಇಂಥ ಒಪ್ಪಿತ ಅಳತೆ ಹಿಡಿದರೆ ವಾದ ನಿಮ್ಮದು ಮಾತ್ರ ಆಗಿ ಉಳಿಯುವುದಿಲ್ಲ. ಶಬ್ದದ ವಿಷಯ ಬಂದರೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ: ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45, ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ರಾತ್ರಿ ಅಂಗಡಿ, ಹೋಟೆಲ್ ತೆರೆದಿಡುವ ನಿಯಮದ ಬಗ್ಗೆ ಬರೆಯುವಾಗ ಇದನ್ನು ಹಿಡಿಯಿರಿ.

ಒಂದೇ ಪತ್ರವನ್ನು ಎಲ್ಲರೂ ಕಾಪಿ ಮಾಡಿ ಕಳಿಸುವ ಅಭ್ಯಾಸ ಬೇಡ. ನೂರು ಪತ್ರ ಒಂದೇ ಥರ ಇದ್ದರೆ ಎಲ್ಲ ಸೇರಿ ಟಿಪ್ಪಣಿಯಲ್ಲಿ ಒಂದು ಸಾಲು ಆಗುತ್ತವೆ. ಹತ್ತು ಮನೆಯವರು ತಮ್ಮ ತಮ್ಮ ರಸ್ತೆ, ತಮ್ಮ ತಮ್ಮ ಕಷ್ಟ ಹತ್ತು ರೀತಿ ಬರೆದರೆ ಹತ್ತು ಸಾಲು ಬರೆಯಬೇಕಾಗುತ್ತದೆ. ಇನ್ನೊಂದು ಮಾತು, ಕರಡಿನಲ್ಲಿ ಒಳ್ಳೆಯದು ಇದ್ದರೆ ಅದನ್ನೂ ಬರೆಯಿರಿ. "ಖಂಡ 12 ಇರಲಿ, ತೆಗೆಯಬೇಡಿ" ಅಂತ ಬರೆಯುವವರು ಯಾರೂ ಇಲ್ಲದೆ ಇದ್ದಾಗ, ವಿರೋಧಿಸುವವರ ಪತ್ರ ಮಾತ್ರ ಕಡತದಲ್ಲಿ ಉಳಿಯುತ್ತದೆ, ಒಳ್ಳೆಯ ಖಂಡ ಸದ್ದಿಲ್ಲದೆ ಬಿದ್ದು ಹೋಗುತ್ತದೆ.

ಆಕ್ಷೇಪಣೆಗೆ ಲಿಖಿತ ಉತ್ತರ ಹೇಗಿರಬೇಕು ಅಂತ ನೋಡುವ ಆಸೆ ಇದ್ದರೆ ಕೆಇಆರ್‌ಸಿಯ ಯಾವುದಾದರೂ ವಿದ್ಯುತ್ ದರ ಆದೇಶ ತೆಗೆಯಿರಿ. ಗ್ರಾಹಕರು ಏನು ಆಕ್ಷೇಪಿಸಿದರು, ಕಂಪನಿ ಏನು ಉತ್ತರ ಕೊಟ್ಟಿತು, ಆಯೋಗದ ಅಭಿಪ್ರಾಯವೇನು ಅಂತ ಬೇರೆ ಬೇರೆಯಾಗಿ ಬರೆದಿರುತ್ತಾರೆ. ನಗರ ಪಾಲಿಕೆಗಳೂ ಹಾಗೇ ಮಾಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಈ ಬೇಡಿಕೆಯನ್ನೂ ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಸೇರಿಸಿದರೆ ತಪ್ಪೇನಿಲ್ಲ.

ಸಲ್ಲಿಸುವುದು, ಸೀಲ್ ಹಾಕಿಸುವುದು

ಇಮೇಲ್ ವಿಳಾಸ ಕೊಟ್ಟಿದ್ದರೆ ಇಮೇಲ್ ಮಾಡಿ. ಜೊತೆಗೆ ಕಾಗದದಲ್ಲೂ ಕೊಡಿ. ಎರಡು ಪ್ರತಿ ತೆಗೆದುಕೊಂಡು ಟಪಾಲು ವಿಭಾಗಕ್ಕೆ ಹೋಗಿ, ಒಂದನ್ನು ಅಲ್ಲಿ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಸಾಧ್ಯವಾದರೆ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಒಂದು ಕಚೇರಿಯಲ್ಲಿ ನಮ್ಮ ಬಡಾವಣೆಯವರಿಗೆ "ಇಟ್ಟು ಹೋಗಿ, ಸೀಲ್ ಎಲ್ಲ ಆಮೇಲೆ" ಅಂದಿದ್ದರು. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ಜಗಳವಾಡಲಿಲ್ಲ. "ಪರವಾಗಿಲ್ಲ ಸಾರ್, ಕಾಯ್ತೀವಿ" ಅಂತ ಬೆಂಚಿನ ಮೇಲೆ ಕೂತರು. ಊಟದ ಹೊತ್ತಿಗೆ ಮುಂಚೆಯೇ ಸೀಲ್ ಬಿತ್ತು. ಟಪಾಲು ಮೇಜಿನವರಿಗೆ ದಿನಕ್ಕೆ ನೂರಾರು ಕಾಗದ ಬರುತ್ತವೆ, ಅವರ ಮೇಲೆ ರೇಗಿ ಏನೂ ಸಿಗುವುದಿಲ್ಲ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಕೊನೆಯ ದಿನದವರೆಗೆ ಕಾಯಬೇಡಿ, ಪತ್ರ ಗಡುವಿನೊಳಗೆ ತಲುಪಬೇಕು, ಕಳಿಸಿದರೆ ಸಾಲದು.

ಕಾಗದ ಕೊಟ್ಟ ಮೇಲೆ ಜನಪ್ರತಿನಿಧಿಗಳನ್ನು ಹಿಡಿಯಿರಿ

ಬಂದ ಆಕ್ಷೇಪಣೆಗಳನ್ನೆಲ್ಲ ಅಧಿಕಾರಿಗಳು ಒಂದು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ತಮ್ಮ ಷರಾ, ಅಂದರೆ ಅಭಿಪ್ರಾಯ, ಬರೆಯುತ್ತಾರೆ. ಆಮೇಲೆ ಸ್ಥಾಯಿ ಸಮಿತಿ, ಪಾಲಿಕೆ ಸಭೆ, ಸರ್ಕಾರದ ಒಪ್ಪಿಗೆ, ಕೊನೆಗೆ ರಾಜ್ಯಪತ್ರ. ಬಿಬಿಎಂಪಿ ಕಾಲದಿಂದ ನಾವು ನೋಡಿಕೊಂಡು ಬಂದ ದಾರಿ ಇದು. ಕಾರ್ಪೊರೇಟರ್ ಇದ್ದಾಗ ಅವರಿಗೆ ಪತ್ರದ ಪ್ರತಿಯ ಜೊತೆ ಒಂದೇ ಪುಟದ ಟಿಪ್ಪಣಿ ಕೊಡಿ, ಸಭೆಗೆ ಎರಡು ಮೂರು ದಿನ ಮುಂಚೆ. "ಈ ಖಂಡಕ್ಕೆ ಈ ತಿದ್ದುಪಡಿ ತನ್ನಿ" ಅಂತ ಸ್ಪಷ್ಟವಾಗಿ ಕೇಳಿ. ಅವರು ಯಾವ ಪಕ್ಷದವರು ಅನ್ನುವುದು ಇಲ್ಲಿ ಮುಖ್ಯವಲ್ಲ. ವಿರೋಧ ಪಕ್ಷದ ಒಬ್ಬ ಸದಸ್ಯರಿಗೂ ಅದೇ ಟಿಪ್ಪಣಿ ಕೊಡಿ.

ಚುನಾಯಿತ ಸದಸ್ಯರಿಲ್ಲದೆಯೂ ಬೆಂಗಳೂರು ಬಹಳ ಕಾಲ ನಡೆದಿದೆ. 2015ರಲ್ಲಿ ಆರಿಸಿಬಂದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಸಭೆ, ಆಡಳಿತಾಧಿಕಾರಿಯೇ ನಿರ್ಣಯ. ಒಂದು ಕೋಟಿಗೂ ಮೀರಿ ಜನ ಇರುವ ಊರಿಗೆ ಇದು ಒಪ್ಪತಕ್ಕದ್ದಲ್ಲ. ಚರ್ಚೆ ಮಾಡುವವರೇ ಇಲ್ಲದ ಜಾಗದಲ್ಲಿ ನಿಯಮ ಮಾಡುವುದು ಸುಲಭ, ಆದರೆ ಆ ನಿಯಮದಡಿ ಬದುಕುವವರು ನಾವು. ಅಂಥ ಹೊತ್ತಿನಲ್ಲಿ ಬರವಣಿಗೆಯ ಆಕ್ಷೇಪಣೆಯ ಬೆಲೆ ಇನ್ನೂ ಜಾಸ್ತಿ, ಯಾಕೆಂದರೆ ಕಡತದಲ್ಲಿ ಜನರ ಮಾತು ಅಂತ ಇರುವುದು ಅದೊಂದೇ. ಆಗ ಶಾಸಕರಿಗೆ ಕೊಡಿ, ಬೆಂಗಳೂರಿನ ಶಾಸಕರು ಜಿಬಿಎ ಸದಸ್ಯರೂ ಹೌದು.

ವಾರ್ಡ್ ಸಮಿತಿಯನ್ನು ಮರೆಯಬೇಡಿ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ, ಅದು ಜಾರಿಗೆ ಬಂದದ್ದು 1993ರಲ್ಲಿ. ನಿಮ್ಮ ವಾರ್ಡಿನಲ್ಲಿ ಸಭೆ ನಡೆಯುತ್ತಿದ್ದರೆ ಕರಡಿನ ವಿಷಯ ಎತ್ತಿ, ಅಭಿಪ್ರಾಯವನ್ನು ನಡಾವಳಿಯಲ್ಲಿ ಬರೆಸಿ. ಬಾಯಲ್ಲಿ ಹೇಳಿ ಬಂದರೆ ಪ್ರಯೋಜನ ಇಲ್ಲ. ನಡೆಯದಿದ್ದರೆ ಯಾಕೆ ನಡೆಯುತ್ತಿಲ್ಲ ಅಂತ ಬರೆದು ಕೇಳಿ.

ಅಹವಾಲು ಸಭೆ ಕರೆದರೆ

ಎರಡು ಮೂರು ನಿಮಿಷ ಸಿಗಬಹುದು. ಎದ್ದು ನಿಂತು "ಎಲ್ಲರಿಗೂ ನಮಸ್ಕಾರ, ವೇದಿಕೆ ಮೇಲಿರುವ ಗಣ್ಯರೇ" ಅಂತ ಶುರು ಮಾಡಿದರೆ ಒಂದು ನಿಮಿಷ ಅಲ್ಲೇ ಹೋಯಿತು. ಹೆಸರು, ವಾರ್ಡ್, ಖಂಡದ ಸಂಖ್ಯೆ ಹೇಳಿ ನೇರ ವಿಷಯಕ್ಕೆ ಬನ್ನಿ. ಒಂದೇ ಅಂಶ ಹೇಳಿ, ಉಳಿದದ್ದು ಪತ್ರದಲ್ಲಿದೆ ಅನ್ನಿ. ಜೊತೆಯಲ್ಲಿ ವ್ಯಾಪಾರಿಯನ್ನೋ ಪೌರಕಾರ್ಮಿಕರನ್ನೋ ಕರೆದುಕೊಂಡು ಹೋಗಿದ್ದರೆ ಮೈಕ್ ಅವರ ಕೈಗೆ ಕೊಡಿ. ದಿನದ ದುಡಿಮೆ ಬಿಟ್ಟು ಬಂದಿರುತ್ತಾರೆ, ಅವರ ಸರದಿ ಬೇಗ ಬರುವ ಹಾಗೆ ನೋಡಿಕೊಳ್ಳಿ. ಯಾರು ಏನು ಹೇಳಿದರು, ಅಧಿಕಾರಿ ಏನು ಉತ್ತರ ಕೊಟ್ಟರು ಅನ್ನುವುದನ್ನು ನಿಮ್ಮಲ್ಲಿ ಒಬ್ಬರು ಬರೆದುಕೊಳ್ಳಲಿ.

ಏನಾಯಿತು ಅಂತ ಕೇಳುವುದು

ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಿತಿ ಇದೆ, ಆದ್ದರಿಂದ ಕಥೆ ಬರೆಯದೆ ದಾಖಲೆ ಕೇಳಿ. ಕೇಳಬೇಕಾದದ್ದು ಇಷ್ಟು: ಈ ಅಧಿಸೂಚನೆಗೆ ಬಂದ ಆಕ್ಷೇಪಣೆಗಳ ಪಟ್ಟಿ, ಪ್ರತಿಯೊಂದರ ಮೇಲಿನ ಷರಾ, ಪರಿಗಣಿಸಿದ ಸಭೆಯ ನಡಾವಳಿ, ಕಡತದ ಟಿಪ್ಪಣಿ ಹಾಳೆಗಳು. "ಯಾಕೆ ಒಪ್ಪಲಿಲ್ಲ" ಅಂತ ಕೇಳಿದರೆ ಅಭಿಪ್ರಾಯ ಕೊಡಲು ಬರುವುದಿಲ್ಲ ಅಂತ ಉತ್ತರ ಬರುತ್ತದೆ, ದಾಖಲೆ ಕೇಳಿದರೆ ಕೊಡಬೇಕಾಗುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿ ಪ್ರಕಟಿಸಬೇಕು ಅಂತ ಅದೇ ಕಾಯ್ದೆಯ ಕಲಂ 4ರಲ್ಲಿದೆ, ಬಾಧಿತರಿಗೆ ಕಾರಣ ತಿಳಿಸಬೇಕು ಅಂತಲೂ ಇದೆ. ಅರ್ಜಿಯಲ್ಲಿ ಆ ಕಲಂ ಉಲ್ಲೇಖಿಸಿ.

ಬರೆದದ್ದಕ್ಕೆ ಬೆಲೆ ಇದೆಯಾ ಅಂತ ಕೇಳುವವರಿಗೆ: 2025ರಲ್ಲಿ ಐದು ಪಾಲಿಕೆಗಳ ವಾರ್ಡ್ ವಿಂಗಡಣೆಯ ಕರಡು ಬಂದಾಗ 368 ವಾರ್ಡ್ ಇದ್ದವು. ಆಕ್ಷೇಪಣೆ ಕೇಳಿದ ಮೇಲೆ ಅಂತಿಮ ಪಟ್ಟಿಯಲ್ಲಿ 369 ಆಯಿತು. 2017ರಲ್ಲಿ ಬಂದ 2031ರ ಮಾಸ್ಟರ್ ಪ್ಲಾನ್ ಕರಡಿಗೆ ಸಾವಿರಾರು ಆಕ್ಷೇಪಣೆ ಬಂದಿದ್ದವು, ಆ ಕರಡು ಅಂತಿಮ ಆಗಲೇ ಇಲ್ಲ, ವಾಪಸ್ ಹೋಯಿತು. ಎಲ್ಲ ಸಲ ಹೀಗಾಗುತ್ತದೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಹತ್ತು ಸಲಹೆಯಲ್ಲಿ ಒಂದು ಸೇರಬಹುದು, ಅದೂ ಅರ್ಧ.

ಅಂತಿಮ ಅಧಿಸೂಚನೆ ಬಂದ ದಿನ ಕರಡನ್ನೂ ಅಂತಿಮವನ್ನೂ ಪಕ್ಕಪಕ್ಕ ಇಟ್ಟು ಖಂಡ ಖಂಡವಾಗಿ ಹೋಲಿಸಿ ನೋಡಿ. ಏನು ಬದಲಾಯಿತು, ಏನು ಬದಲಾಗಲಿಲ್ಲ ಅಂತ ಒಂದು ಪುಟ ಬರೆದು ಸಹಿ ಹಾಕಿದವರಿಗೆಲ್ಲ ಕಳಿಸಿ. ಸೊಪ್ಪಿನ ಅಜ್ಜಿಗೆ ಓದಲು ಬರದಿದ್ದರೆ ಹೋಗಿ ಹೇಳಿ ಬನ್ನಿ, ಅವರ ಜಾಗದ ಮಾತು ಅದು. ಮೂಲ ಕಾಯ್ದೆಗೆ ವಿರುದ್ಧವಾದ ಖಂಡ ಹಾಗೇ ಉಳಿದಿದ್ದರೆ ವಕೀಲರನ್ನು ನೋಡಿ, ಹೈಕೋರ್ಟಿನಲ್ಲಿ ರಿಟ್ ಹಾಕುವುದಾದರೆ ನಿಮ್ಮ ಸೀಲ್ ಬಿದ್ದ ಪ್ರತಿ, ಫೋಟೊ, ನಕ್ಷೆ, ಮಾಹಿತಿ ಹಕ್ಕಿನಲ್ಲಿ ಬಂದ ಷರಾ, ಎಲ್ಲ ಬೇಕಾಗುತ್ತವೆ. ಫೀಸು ಕಟ್ಟಲು ಆಗದವರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಆ ದಾಖಲೆಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟು, ಅದು ಯಾರ ಮನೆಯಲ್ಲಿದೆ ಅಂತ ಕನಿಷ್ಠ ಮೂರು ಜನಕ್ಕೆ ಗೊತ್ತಿರಲಿ.